ಮುಖದ ಸುಕ್ಕಿಗೆ ಬೊಟಾಕ್ಸ್ ಮಾಡಿಸಬೇಕಾ, ಫಿಲ್ಲರ್ ಹಾಕಿಸಬೇಕಾ?

ಮೊದಲು ಕನ್ನಡಿ ಮುಂದೆ ನಿಂತು ಹುಬ್ಬು ಮೇಲೆತ್ತಿ, ಆಮೇಲೆ ಮುಖ ಸಡಿಲ ಬಿಡಿ. ಎತ್ತಿದಾಗ ಮೂಡಿದ ಗೆರೆ ಬಿಟ್ಟಾಗ ಮಾಯವಾದರೆ ಅದು ಸ್ನಾಯುವಿನ ಎಳೆತದಿಂದ ಬಂದದ್ದು. ಅದಕ್ಕೆ ಬೊಟಾಕ್ಸ್. ಹಣೆ, ಹುಬ್ಬುಗಳ ನಡು, ನಕ್ಕಾಗ ಕಣ್ಣಂಚಿನಲ್ಲಿ ಬೀಳುವ ಗೆರೆಗಳು ಹೆಚ್ಚಾಗಿ ಇಂಥವೇ. ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ಬೊಟಾಕ್ಸ್ ಚುಚ್ಚುಮದ್ದು ಸ್ವಲ್ಪ ಕಾಲ ತಡೆಯುತ್ತದೆ. ಪೂರ್ತಿ ಪರಿಣಾಮ ಕಾಣಲು ಸುಮಾರು 2 ವಾರ ಬೇಕು, 3–4 ತಿಂಗಳಲ್ಲಿ ಇಳಿದುಹೋಗುತ್ತದೆ.

ಮುಖ ಸುಮ್ನೆ ಇದ್ದಾಗಲೂ ಮೂಗಿನ ಬದಿಯಿಂದ ಬಾಯಿಯಂಚಿಗೆ ಆಳವಾದ ಮಡಿಕೆ ಕಾಣುತ್ತಿದೆಯಾ? ಅಲ್ಲಿ ಕೊರತೆ ಇರುವುದು ತುಂಬುವಿಕೆಯದ್ದು, ಹಾಗಾಗಿ ಫಿಲ್ಲರ್, ಅಂದರೆ ಚರ್ಮದಡಿ ಚುಚ್ಚಿ ತುಂಬುವ ವಸ್ತು. ನನ್ನ ಕೇಳಿದರೆ ಹಯಲುರಾನಿಕ್ ಆಸಿಡ್ ಫಿಲ್ಲರನ್ನೇ ಆರಿಸಿ. ಸಾಮಾನ್ಯವಾಗಿ 6ರಿಂದ 18 ತಿಂಗಳು ಇರುತ್ತದೆ. ಇಷ್ಟವಾಗದಿದ್ದರೆ ಹಯಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು. ಬೊಟಾಕ್ಸ್‌ಗೆ ಇಂಥ ಮದ್ದಿಲ್ಲ, ರೆಪ್ಪೆ ಜೋತುಬಿದ್ದರೆ ತಾನಾಗಿ ಸರಿಹೋಗುವ ತನಕ ಕಾಯಬೇಕು.

ಆದರೆ ಜಾಸ್ತಿ ಭಯಪಡಬೇಕಾದ್ದು ಫಿಲ್ಲರ್‌ಗೇ. ಅದು ರಕ್ತನಾಳಕ್ಕೆ ಸೇರಿದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಚುಚ್ಚಿದ ಮೇಲೆ ಚರ್ಮ ಬಿಳಿಚಿಕೊಂಡರೆ, ವಿಪರೀತ ನೋವಾದರೆ, ದೃಷ್ಟಿ ಮಂಜಾದರೆ ಒಂದು ನಿಮಿಷವೂ ಕಾಯದೆ ಡಾಕ್ಟರ್ ಹತ್ತಿರ ಹೋಗಿ. ಅದಕ್ಕೇ ಬ್ಯೂಟಿ ಪಾರ್ಲರ್‌ನಲ್ಲಿ ಖಂಡಿತ ಬೇಡ. ಚರ್ಮರೋಗ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ, ಹಯಲುರಾನಿಡೇಸ್ ಕ್ಲಿನಿಕ್‌ನಲ್ಲೇ ಇದೆಯಾ ಅಂತ ಮುಂಚೆಯೇ ಕೇಳಿ. ಚುಚ್ಚುವ ಮದ್ದಿನ ಸೀಲ್ ನಿಮ್ಮ ಎದುರಿಗೇ ಒಡೆಯಲಿ.

ಗರ್ಭಿಣಿಯರು, ಹಾಲುಣಿಸುವವರು ಎರಡನ್ನೂ ಮುಂದೂಡಿ. ಮಯಸ್ತೀನಿಯಾದಂಥ ನರ-ಸ್ನಾಯು ಕಾಯಿಲೆ ಇರುವವರಿಗೆ ಬೊಟಾಕ್ಸ್ ಬೇಡ.