ಹಳ್ಳಿಯವ್ರಿಗೆ ಕ್ಲೈಮೇಟ್ ಚೇಂಜ್ ಬಗ್ಗೆ ಹೆಂಗೆ ಹೇಳೋದು? ಮಂಡ್ಯದ ಮೇಷ್ಟ್ರೊಬ್ಬನ ಉತ್ತರ

ಎನ್‌ಎಸ್‌ಎಸ್ ಕ್ಯಾಂಪಿಗೆ ಪಾಂಡವಪುರದ ಕಡೆ ಹಳ್ಳಿಗೆ ಹೋಗ್ತಿದೀವಿ, ಕ್ಲೈಮೇಟ್ ಬಗ್ಗೆ ಒಂದು ಕಾರ್ಯಕ್ರಮ ಮಾಡ್ಬೇಕು, ಹಿಂದಿನ ಬ್ಯಾಚ್‌ನವ್ರು ಹಿಮಕರಡಿ ಸ್ಲೈಡ್ ಹಾಕಿದ್ರೆ ಜನ ಅರ್ಧಕ್ಕೇ ಎದ್ದು ಹೋದ್ರಂತೆ, ನಾವೇನ್ ಮಾಡೋದು ಅಂತ ಕೇಳಿದೀರ. ಎದ್ದು ಹೋಗಿದ್ದು ಸರಿಯಾಗೇ ಇದೆ ಬಿಡಿ. ಸಂಜೆ ಹಾಲು ಕರೆಯೋ ಹೊತ್ತಲ್ಲಿ ಸಮುದಾಯ ಭವನದಲ್ಲಿ ಕೂರ್ಸಿ ಹಿಮಕರಡಿ ತೋರ್ಸಿದ್ರೆ ನಾನಾಗಿದ್ರೂ ಏಳ್ತಿದ್ದೆ. ನಾನು ಮಂಡ್ಯ ತಾಲೂಕಲ್ಲಿ ಹೈಸ್ಕೂಲ್ ಸೈನ್ಸ್ ಮೇಷ್ಟ್ರು, ಕೆಆರ್‌ಎಸ್ ನೀರು ತರೋ ವಿಸಿ (ವಿಶ್ವೇಶ್ವರಯ್ಯ) ನಾಲೆ ಕೆಳಗೆ ಒಂಚೂರು ಗದ್ದೆನೂ ಇದೆ, ಹಂಗಾಗಿ ಎರಡೂ ಕಡೆಯಿಂದ ನೋಡಿ ಹೇಳ್ತಿದೀನಿ.

ಮೊದಲ್ನೇದು, ನಮ್ಮ ಜನಕ್ಕೆ ಪರಿಸರದ ಅಂಕಿ ಅಂಶ ಅಂದ್ರೆ ಬೋರು ಅನ್ನೋದೇ ಸುಳ್ಳು. ಮಂಡ್ಯ ಜಿಲ್ಲೇಲಿ ಬೆಳಿಗ್ಗೆ ಟೀ ಅಂಗಡೀಲಿ ಪೇಪರ್ ತೆಗೆದ ತಕ್ಷಣ ನೋಡೋದೇನು ಹೇಳಿ? ಕೆಆರ್‌ಎಸ್ ಡ್ಯಾಮಿನ ಇವತ್ತಿನ ಮಟ್ಟ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು), ಹೊರಹರಿವು ಇಷ್ಟು, ಹೋದ ವರ್ಷ ಇದೇ ದಿನ ಎಷ್ಟಿತ್ತು. ಸ್ಕೂಲ್ ಮೆಟ್ಟಿಲು ಹತ್ತದೇ ಇರೋ ಅಜ್ಜನೂ ಕ್ಯೂಸೆಕ್ಕು, ಟಿಎಂಸಿ (ನೂರು ಕೋಟಿ ಘನ ಅಡಿ) ಅಂತ ಮಾತಾಡ್ತಾನೆ. ಜನಕ್ಕೆ ಪರಿಸರದ ವಿಷಯ ಮುಟ್ಟಿಸೋದ್ರಲ್ಲಿ ಈ ಚಿಕ್ಕ ಬಾಕ್ಸ್‌ನಷ್ಟು ಗೆದ್ದಿರೋದು ನಮ್ಮ ಕಡೆ ಬೇರೆ ಯಾವ್ದೂ ಇಲ್ಲ ಅಂತ ನಾನು ನಂಬಿದೀನಿ. ದಿನಾ ಬರುತ್ತೆ, ಹೋದ ವರ್ಷದ ಜೊತೆ ಹೋಲ್ಸಿ ತೋರ್ಸುತ್ತೆ, ಎಲ್ಲಕ್ಕಿಂತ ಹೆಚ್ಚಾಗಿ ಆ ನಂಬರ್ ನೋಡ್ಕೊಂಡೇ ಈ ಸಲ ನಾಟಿ ಮಾಡೋದಾ ಬೇಡ್ವಾ, ಒಟ್ಲು (ಸಸಿಮಡಿ) ಯಾವಾಗ ಬಿಡೋದು ಅಂತ ತೀರ್ಮಾನ ಆಗುತ್ತೆ. ಯಾವ್ದೋ ಒಂದು ತೀರ್ಮಾನಕ್ಕೆ ಉಪಯೋಗಕ್ಕೆ ಬರೋ ನಂಬರ್‌ನ ಜನ ಬಾಯಿಪಾಠ ಮಾಡ್ಕೋತಾರೆ, ಉಪಯೋಗಕ್ಕೆ ಬರ್ದೇ ಇರೋದನ್ನ ಮಂಡ್ಯದವ್ರೂ ಕೇಳಲ್ಲ, ಡಾಕ್ಟರೇಟ್ ಮಾಡಿರೋರೂ ಕೇಳಲ್ಲ.

ಹಂಗಾಗಿ ನಿಮ್ಮ ಕಾರ್ಯಕ್ರಮನ ಅಲ್ಲಿಂದಾನೇ ಶುರು ಮಾಡಿ. ಒಂದು ಪ್ರಶ್ನೆ ಕೇಳಿ: ಡ್ಯಾಮಲ್ಲಿ 100 ಅಡಿ ಇದ್ರೆ ನೀರು ಎಷ್ಟಿದ್ದಂಗೆ? ತುಂಬಾ ಜನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಅಂತಾರೆ. ಆದ್ರೆ ಜಲಾಶಯ ಬಾಣಲೆ ಥರ, ತಳ ಕಿರಿದು ಬಾಯಿ ಅಗಲ, ಮೇಲಿನ ಒಂದೊಂದು ಅಡೀಲೂ ನೀರು ಜಾಸ್ತಿ. ಪೂರ್ತಿ ತುಂಬಿದಾಗ ಸುಮಾರು 49 ಟಿಎಂಸಿ, 100 ಅಡಿಗೆ ಅದ್ರಲ್ಲಿ ಅರ್ಧನೂ ಇರಲ್ಲ. ಇದನ್ನ ಬೋರ್ಡ್ ಮೇಲೆ ಗೀಚಿ ತೋರ್ಸಿದ್ರೆ ಸಾಕು, ಸಭೆ ಎದ್ದು ಕೂರುತ್ತೆ, ಪಕ್ಕದಲ್ಲಿರೋರು ಜಗಳಕ್ಕೇ ಬೀಳ್ತಾರೆ. ಆಗ ನೀರು ಎಲ್ಲಿಂದ ಬರುತ್ತೆ ಅಂತ ಮೇಲಕ್ಕೆ ಕರ್ಕೊಂಡು ಹೋಗಿ: ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ, ಅಂದ್ರೆ ಕೊಡಗು ಮತ್ತೆ ಹಾಸನ ಕಡೆಯ ಮಲೆನಾಡು. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡಗಳು ಕುಸಿದಿದ್ದು, 2020ರಲ್ಲಿ ತಲಕಾವೇರಿ ಹತ್ರ ಬ್ರಹ್ಮಗಿರಿ ಬೆಟ್ಟ ಕುಸಿದಿದ್ದು ಎಲ್ರಿಗೂ ನೆನಪಿದೆ. ಕೊಡಗಿನ ಕಾಡು ಹೋದ್ರೆ ನಂಗೇನು ಅಂತ ಪಾಂಡವಪುರದ ರೈತ ಹೇಳಲ್ಲ, ಅವನ ಗದ್ದೆ ನೀರಿನ ಬುಡ ಅಲ್ಲೇ ಇರೋದು.

ಈಗ ಕಷ್ಟದ ಭಾಗ. ಯಾರಾದ್ರೂ ಒಬ್ರು ಎದ್ದು "ಮೇಷ್ಟ್ರೇ, ಬರ ಏನ್ ಹೊಸದಾ? ನಮ್ ತಾತನ ಕಾಲ್ದಲ್ಲೂ ಬಂದಿತ್ತು" ಅಂತ ಕೇಳೇ ಕೇಳ್ತಾರೆ. ತಪ್ಪಿಸ್ಕೋಬೇಡಿ, ಹೌದು ಅನ್ನಿ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ರು, ಆಗ ಇಷ್ಟು ಕಾರೂ ಇರ್ಲಿಲ್ಲ ಎಸಿನೂ ಇರ್ಲಿಲ್ಲ. ಇನ್ನೊಬ್ರು, "2025ರಲ್ಲಿ ಜೂನ್ ತಿಂಗಳಲ್ಲೇ ಡ್ಯಾಮ್ ತುಂಬಿ ಸಿಎಂ ಬಂದು ಬಾಗಿನ ಬುಟ್ರಲ್ಲ, ಎಲ್ಲೋಯ್ತು ನಿಮ್ ತಾಪಮಾನ?" ಅಂತಾರೆ. ಒಳ್ಳೇ ಪ್ರಶ್ನೆನೇ. ಒಂದು ವರ್ಷ ಡ್ಯಾಮ್ ತುಂಬಿದ್ದೂ ಸಾಕ್ಷಿ ಅಲ್ಲ, 2023ರಲ್ಲಿ ತುಂಬದೇ ಇದ್ದಿದ್ದೂ ಅದೊಂದೇ ಸಾಕ್ಷಿ ಅಲ್ಲ. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗೆ ಅತೀ ಒಣ ಆಗಸ್ಟ್ ಆಗಿತ್ತು, ಆದ್ರೆ ಅದ್ರಲ್ಲಿ ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮಳೆ ಕಮ್ಮಿ ಮಾಡೋದು) ಪಾಲೂ ಇತ್ತು, ಅದು ಹಿಂದಿನಿಂದ್ಲೂ ಬರ್ತಾ ಹೋಗ್ತಾ ಇರೋದೇ. ಗಟ್ಟಿಯಾಗಿ ಹೇಳ್ಬಹುದಾಗಿರೋದು ಇಷ್ಟು: 1850-1900ರ ಕಾಲಕ್ಕೆ ಹೋಲ್ಸಿದ್ರೆ 2011-2020ರ ದಶಕದಲ್ಲಿ ಭೂಮಿ ಸುಮಾರು 1.1 ಡಿಗ್ರಿ ಜಾಸ್ತಿ ಬಿಸಿ ಇತ್ತು, ಅದಕ್ಕೆ ಕಾರಣ ನಾವು ಸುಡ್ತಿರೋ ಕಲ್ಲಿದ್ದಲು ಪೆಟ್ರೋಲು ಇತ್ಯಾದಿ. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು 7% ಜಾಸ್ತಿ ನೀರಾವಿ ಹಿಡ್ಕೊಳ್ಳುತ್ತೆ, ಹಂಗಾಗಿ ಸುರಿದಾಗ ಒಂದೇ ಸಲ ಧೋ ಅಂತ ಸುರಿಯೋದು ಜಾಸ್ತಿಯಾಗುತ್ತೆ. ಮುಂದಕ್ಕೆ ನಮ್ಮ ಮುಂಗಾರು ಒಟ್ಟಾರೆ ಹೆಚ್ಚಾಗ್ಬಹುದು, ಆದ್ರೆ ವರ್ಷದಿಂದ ವರ್ಷಕ್ಕೆ ಏರುಪೇರೂ ಜಾಸ್ತಿಯಾಗುತ್ತೆ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಹೇಳುತ್ತೆ. ಇಷ್ಟೇ ಹೇಳಿ ನಿಲ್ಲಿಸಿ. ಎಲ್ಲಾ ಬರಕ್ಕೂ ಎಲ್ಲಾ ಪ್ರವಾಹಕ್ಕೂ ಕ್ಲೈಮೇಟ್ ಚೇಂಜೇ ಕಾರಣ ಅಂತ ಜೋರಾಗಿ ಹೇಳಿ, ಮುಂದಿನ ವರ್ಷ ಚೆನ್ನಾಗಿ ಮಳೆ ಬಂದ್ರೆ ಊರಲ್ಲಿ ನಿಮ್ಮ ಮಾತಿಗೆ ಕಿಮ್ಮತ್ತಿರಲ್ಲ.

ತಮಿಳುನಾಡಿನ ಮಾತೂ ಬಂದೇ ಬರುತ್ತೆ, ಮಂಡ್ಯದಲ್ಲಿ ನೀರಿನ ಮಾತು ತೆಗೆದು ಅದನ್ನ ಬಿಟ್ಟು ಹೋಗೋಕಾಗಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಸಾಮಾನ್ಯ ಮಳೆ ವರ್ಷಕ್ಕೆ ಗಡಿ ಹತ್ರದ ಬಿಳಿಗುಂಡ್ಲು ಅಳತೆ ಕೇಂದ್ರದಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಬಿಡ್ಬೇಕು ಅಂತ ಹೇಳಿದೆ, ಜಗಳ ಏಳೋದು ಮಳೆ ಕಮ್ಮಿ ಆದ ವರ್ಷ, ಅಂಥ ವರ್ಷಗಳು ಹೆಂಗೆಂಗೋ ಬರ್ತಾ ಹೋದ್ರೆ ಜಗಳನೂ ಹಂಗೇ ಅಂತ ಹೇಳಿ ಮುಂದಕ್ಕೆ ಹೋಗಿ. ನೀವು ವಕೀಲಿಕೆ ಮಾಡೋಕೆ ಹೋಗಿಲ್ಲ.

ಇನ್ನೊಂದು ಮುಖ್ಯವಾದ್ದು. ಭತ್ತದ ಗದ್ದೆಯಿಂದ ಭೂಮಿ ಬಿಸಿ ಮಾಡೋ ಮೀಥೇನ್ ಅನಿಲ ಬರುತ್ತೆ ಅನ್ನೋದು ನಿಜ, ನೀರು ನಿಂತ ಮಣ್ಣಲ್ಲಿ ಗಾಳಿ ಆಡಲ್ಲ, ಅಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ತಯಾರು ಮಾಡ್ತವೆ. ಆದ್ರೆ ಊರಿಗೆ ಹೋಗಿ ಮೊದಲ ಮಾತೇ "ನಿಮ್ಮ ಗದ್ದೆಯಿಂದ ಭೂಮಿ ಬಿಸಿ ಆಗ್ತಿದೆ" ಅಂದ್ರೆ "ಬೆಂಗ್ಳೂರಲ್ಲಿ ಒಬ್ಬೊಬ್ನೇ ಕಾರಲ್ಲಿ ಓಡಾಡೋರ್ಗೆ ಯೋಳೋಗು ಮೊದ್ಲು" ಅಂತಾರೆ, ಅದ್ರಲ್ಲಿ ನ್ಯಾಯನೂ ಇದೆ. ಅದೇ ವಿಷಯನ ನೀರಿನ ಕಡೆಯಿಂದ ಹೇಳಿ ನೋಡಿ. ವಿಸಿ ನಾಲೇಲಿ ಕಟ್ಟು ಪದ್ಧತೀಲಿ ನೀರು ಬಿಡೋದು, ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸೋದು, ಎಲ್ರಿಗೂ ಗೊತ್ತು. ಭತ್ತಕ್ಕೆ ಸದಾ ನೀರು ನಿಂತೇ ಇರ್ಬೇಕು ಅಂತಿಲ್ಲ, ಗದ್ದೇಲಿ ತೂತು ಮಾಡಿರೋ ಒಂದು ಪೈಪ್ ತುಂಡು ಹೂತು, ಅದ್ರೊಳಗೆ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಕ್ಕಿಳಿದ ಮೇಲೆ ಮತ್ತೆ ನೀರು ಕಟ್ಟಿದ್ರೂ ನಡೆಯುತ್ತೆ, ಹೂ ಬಿಡೋ ಹೊತ್ತಲ್ಲಿ ಮಾತ್ರ ಒಣಗಿಸ್ಬಾರ್ದು. ಹಿಂಗೆ ಮಾಡಿದ್ರೆ ನೀರು 30% ವರೆಗೂ ಉಳಿಯುತ್ತೆ, ಮೀಥೇನ್ ಹೆಚ್ಚೂ ಕಮ್ಮಿ ಅರ್ಧಕ್ಕಿಳಿಯುತ್ತೆ ಅಂತ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುತ್ತೆ. ನಾಲೆ ಕೊನೇ ಭಾಗದಲ್ಲಿ ನೀರು ತಲುಪಲ್ಲ ಅಂತ ವರ್ಷಾ ವರ್ಷಾ ಗಲಾಟೆ ಮಾಡೋ ರೈತರಿಗೆ ಈ ಮಾತು ತಕ್ಷಣ ಅರ್ಥ ಆಗುತ್ತೆ. ಮೀಥೇನ್ ವಿಷಯ ಕೊನೇಲಿ ಒಂದು ವಾಕ್ಯದಲ್ಲಿ ಬರ್ಲಿ.

ವಯಸ್ಸಾದೋರನ್ನ ಕೇಳೋವಾಗ ಇಂಗ್ಲಿಷ್ ತಿಂಗಳು ಹಿಡ್ಕೊಂಡು ಕೇಳ್ಬೇಡಿ, ಮಳೆ ನಕ್ಷತ್ರ ಹಿಡ್ಕೊಂಡು ಕೇಳಿ. ಆರಿದ್ರಾ ಹೆಂಗೆ ಬರ್ತಿದೆ, ಹಸ್ತ ಚಿತ್ತೆ ಎಂಗಾಗಿದೆ ಅಂದ್ರೆ ಗಂಟೆಗಟ್ಲೆ ಹೇಳ್ತಾರೆ. ನಕ್ಷತ್ರ ಸೂರ್ಯನ ಲೆಕ್ಕ ಆಗಿರೋದ್ರಿಂದ ಒಂದೊಂದೂ ಹದಿಮೂರು ಹದಿನಾಲ್ಕು ದಿನ, ಆರಿದ್ರಾ ಅಂದ್ರೆ ಜೂನ್ 21-22ರ ಸುಮಾರಿಗೆ ಶುರು, ಹಂಗಾಗಿ ಅವ್ರು ಹೇಳಿದ್ದನ್ನ ಮಳೆ ಮಾಪಕದ ದಾಖಲೆ ಜೊತೆ ಪಕ್ಕ ಪಕ್ಕ ಇಡ್ಬಹುದು. ಇಟ್ಟು ನೋಡ್ಲೇಬೇಕು ಕೂಡ, ಯಾಕಂದ್ರೆ "ನಮ್ ಕಾಲದಲ್ಲಿ ಮಳೆ ಚೆನ್ನಾಗಿತ್ತು" ಅನ್ನೋದು ಎಲ್ಲಾ ಕಾಲದವ್ರೂ ಹೇಳೋ ಮಾತು. ರಾಜ್ಯದ ಬರ ನಿಗಾ ಘಟಕ 1988ರಲ್ಲೇ ಶುರುವಾಗಿದ್ದು, ಈಗ ಅದು ವಿಪತ್ತು ಉಸ್ತುವಾರಿ ಕೇಂದ್ರ ಆಗಿ ಪಂಚಾಯ್ತಿ ಮಟ್ಟದಲ್ಲಿ ಮಳೆ ಅಳೆಯುತ್ತೆ, ವರುಣಮಿತ್ರ ಅಂತ ಅದರದೇ ಸಹಾಯವಾಣಿ ಇದೆ. ಕ್ಯಾಂಪಲ್ಲಿ ಅಲ್ಲೇ ಎಲ್ರ ಮುಂದೆ ಸ್ಪೀಕರ್ ಹಾಕಿ ಫೋನ್ ಮಾಡಿಸಿ ನೋಡಿ, ಒಂದು ಗಂಟೆ ಭಾಷಣಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತೆ.

ಜಾಗದ ವಿಷಯ ಹೇಳ್ಬೇಕಂದ್ರೆ, ಸಮುದಾಯ ಭವನ ಬಿಟ್ಟಾಕಿ. ಹಾಲಿನ ಡೈರಿ ಮುಂದೆ ಬೆಳಿಗ್ಗೆ ಸಂಜೆ ಹೆಂಗಸ್ರು ಗಂಡಸ್ರು ಕ್ಯಾನ್ ಹಿಡ್ಕೊಂಡು ನಿಂತೇ ಇರ್ತಾರೆ, ಕಾರ್ಯದರ್ಶಿನ ಒಂದು ಮಾತು ಕೇಳಿ ಅಲ್ಲೇ ಒಂದು ಕಪ್ಪು ಹಲಗೆ ಇಡಿ. ಮೇಲೆ ಇವತ್ತಿನ ಕೆಆರ್‌ಎಸ್ ಮಟ್ಟ, ಕೆಳಗೆ ನಿಮ್ಮ ಪಂಚಾಯ್ತೀಲಿ ಬಿದ್ದ ಮಳೆ, ಅದರ ಕೆಳಗೆ ಹವಾಮಾನ ಇಲಾಖೆ ಮಂಗಳವಾರ ಶುಕ್ರವಾರ ಕೊಡೋ ಕೃಷಿ ಸಲಹೇಲಿ ನಮಗೆ ಬೇಕಾದ ಒಂದೇ ಒಂದು ಸಾಲು. ಕ್ಯಾಂಪ್ ಮುಗಿಸ್ಕೊಂಡು ನೀವು ಬಸ್ ಹತ್ತಿದ ಮೇಲೆ ಅದನ್ನ ಬರೆಯೋಕೆ ಅದೇ ಊರಿನ ಹೈಸ್ಕೂಲ್ ಹುಡ್ಗೀರಿಗೆ ವಹಿಸಿ, ಹುಡುಗ್ರಿಗೆ ಕೊಟ್ರೆ ವಾರಕ್ಕೇ ನಿಂತೋಗುತ್ತೆ, ಇದು ನನ್ನ ಕ್ಲಾಸಿನ ಅನುಭವ, ಯಾರೂ ಬೇಜಾರ್ ಮಾಡ್ಕೋಬೇಡಿ.

ಜಾಥಾ ಮಾಡ್ಲೇಬೇಕಾ ಅಂತ ಕೊನೇಲಿ ಕೇಳಿದೀರ. ಫೋಟೋ ಬೇಕು ಅಂತ ಕಾಲೇಜಿನವ್ರು ಹಠ ಹಿಡಿದ್ರೆ ಮಾಡಿ, ನಷ್ಟ ಏನಿಲ್ಲ. ಫ್ಲೆಕ್ಸ್ ಮಾತ್ರ ಹಾಕಿಸ್ಬೇಡಿ, ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಮಾಡಿದಾರೆ, ಪರಿಸರ ಉಳಿಸಿ ಅಂತ ಅದರ ಮೇಲೇ ಪ್ರಿಂಟ್ ಹಾಕಿಸ್ಕೊಂಡು ಊರೊಳಗೆ ಹೋದ್ರೆ ಮೊದಲು ನಗೋದು ಪ್ರೈಮರಿ ಸ್ಕೂಲ್ ಮಕ್ಕಳು. ಬಟ್ಟೆ ಮೇಲೆ ಕೈಯಲ್ಲೇ ಬರೆಸಿ.