ಫ್ಲ್ಯಾಟಿನಲ್ಲಿ ಎಲ್ಲಿಯ ಬೆಳೆ?

ಪ್ರಶ್ನೆ: ನಾವು ಮಂಗಳೂರಿನ ಕಡೆಯವರು. ನನ್ನ ಹೆಂಡತಿಯ ತವರಿನವರು ಲೂಥರನ್ ಸಭೆಯ ಕ್ರೈಸ್ತರು. ಅವರ ಜೊತೆ ಚರ್ಚಿನ ಬೆಳೆಹಬ್ಬಕ್ಕೆ (ಬೆಳೆಗಾಗಿ ದೇವರಿಗೆ ವಂದನೆ ಹೇಳುವ ಹಬ್ಬ) ಹೋದರೆ, ಜನ ತಂದುಕೊಟ್ಟದ್ದರ ಏಲಂನಲ್ಲಿ ಒಂದು ಸೋರೆಕಾಯಿಗೆ 600 ರೂಪಾಯಿ ಕೂಗುತ್ತಾರೆ! ಮುಂಬಯಿಯಲ್ಲಿ ಯಾರಿಗೆ ಗದ್ದೆ ಇದೆ? ಸುಮ್ನೆ ದುಡ್ಡು ಹಾಳಲ್ವಾ?
– ಓದುಗರು, ಅಂಧೇರಿ

ಉತ್ತರ: ತರಕಾರಿ ಅಂಗಡಿಯ ಲೆಕ್ಕದಲ್ಲಿ ಹಾಳೇ. ಆದರೆ ಅಲ್ಲಿ ಯಾರೂ ಸೋರೆಕಾಯಿಗೋಸ್ಕರ ಕೂಗುವುದಿಲ್ಲ ಮಾರಾಯ್ರೆ, ಅದು ಸಭೆಗೆ ಕಾಣಿಕೆ ಕೊಡುವ ಒಂದು ಗಮ್ಮತ್ತಿನ ದಾರಿ.

ಗದ್ದೆಯ ಮಾತಿಗೆ ಬರೋಣ. ಲೂಥರನ್ ಸಭೆಗೆ ಹೆಸರು ಕೊಟ್ಟ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಮಂದಿಗೆಂದು ಒಂದು ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದರು. ‘ಅನುದಿನದ ಆಹಾರ’ವನ್ನು ಕೊಡು ಎಂದು ಯೇಸು ಕಲಿಸಿದ ಪ್ರಾರ್ಥನೆ ಇದೆಯಲ್ಲ, ಆಹಾರ ಅಂದರೆ ಏನು ಎಂದು ಅಲ್ಲಿ ಕೇಳಿ, ಊಟದ ಜೊತೆಗೆ ಬಟ್ಟೆ, ಚಪ್ಪಲಿ, ಮನೆ, ಹಣ, ಒಳ್ಳೆಯ ಹವೆ, ಆರೋಗ್ಯ, ಕೊನೆಗೆ ನಂಬಿಗಸ್ತ ನೆರೆಯವರನ್ನೂ ಪಟ್ಟಿಗೆ ಸೇರಿಸಿಬಿಟ್ಟರು. ಚಪ್ಪಲಿಗೂ ವಂದನೆ ಹೇಳಬಹುದಾದರೆ ಸಂಬಳಕ್ಕೆ ಯಾಕೆ ಬೇಡ? ಲೋಕಲ್ ರೈಲಿನಲ್ಲಿ ಜಾಗ ಬಿಟ್ಟುಕೊಟ್ಟವರಿಗೂ ಹೇಳಬಹುದು ಅನ್ನಿ.

ನಿಮ್ಮ ಊರಿನಲ್ಲೂ ಹೀಗೇ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಎಂಬ ಇನ್ನೊಂದು ಪ್ರಾಟೆಸ್ಟಂಟ್ ಪಂಗಡದವರೂ ಇದ್ದರು. ಅವರ ಸಭೆಗಳಲ್ಲಿ ನೇಯ್ಗೆಯವರು, 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆಯ ಕೆಲಸಗಾರರು ಎಲ್ಲ ಇದ್ದರು. ಬರೀ ಬೇಸಾಯಗಾರರಲ್ಲ.

ಮುಂದಿನ ಸಲ ಬಾಲ್ಕನಿ ಕುಂಡದ ಕರಿಬೇವು ಒಂದು ಕಟ್ಟು ಒಯ್ಯಿರಿ. ನಿಮ್ಮ ಅತ್ತೆಯವರೇ ಜಾಸ್ತಿ ಕೂಗಿ ಕೊಳ್ಳದಿದ್ದರೆ ನನಗೆ ಬರೆಯಿರಿ.