ಹಳೇ ತೂಗುಸೇತುವೆ ಬಿದ್ದರೆ ಹೊಣೆ ಯಾರು, ಯಾರ ಮೇಲೆ ಕೇಸ್ ಹಾಕಬೇಕು?

ಹೊಸ ಸೇತುವೆ ಆದ ಮೇಲೆ ಭದ್ರಾ ಹೊಳೆಯ ಹಳೇ ತೂಗುಸೇತುವೆ ಕೇಳುವವರಿಲ್ಲ, ಪಂಚಾಯಿತಿಯವರು ‘ನಮ್ಮದಲ್ಲ’ ಅಂತಾರೆ, ಪಿಡಬ್ಲ್ಯೂಡಿಯವರು ‘ನಮ್ಮ ರಿಜಿಸ್ಟರಲ್ಲೇ ಇಲ್ಲ’ ಅಂತಾರೆ. ಬಾಳೆಹೊನ್ನೂರು ಕಡೆಯ ನಿಮ್ಮ ಪಾಡು ನನಗೆ ಹೊಸದಲ್ಲ, ಸಕಲೇಶಪುರದ ಹೇಮಾವತಿ ದಡದಲ್ಲೂ ಇದೇ ಕಥೆ. ಆದರೆ ಕೇಸಿನ ಮಾತು ಈಗಲೇ ಬೇಡ. ಮಾಲೀಕ ಯಾರು ಅಂತ ಸಾಬೀತು ಮಾಡುವುದು ನಿಮ್ಮ ತಲೆನೋವೇ ಅಲ್ಲ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಹೊಳೆ, ಹಳ್ಳ, ಅವುಗಳ ಪಾತ್ರ, ಸಾರ್ವಜನಿಕ ದಾರಿ, ಸೇತುವೆ, ಖಾಸಗಿಯವರದ್ದಲ್ಲದ್ದೆಲ್ಲ ಸರ್ಕಾರದ್ದು. ‘ನಮ್ಮದಲ್ಲ’ ಅಂದರೆ ‘ನಮ್ಮ ಇಲಾಖೆಯದ್ದಲ್ಲ’ ಅಂತ ಅಷ್ಟೇ. ತೋಟದವರು ಆಳುಗಳ ಓಡಾಟಕ್ಕೆ ಕಟ್ಟಿಸಿದ್ದಾದರೆ ನೀವು ಕೊಡುವ ಅರ್ಜಿಯಲ್ಲಿ ಅವರ ಹೆಸರನ್ನೂ ಸೇರಿಸಿ. ಬಳಸುವುದು ಬಿಟ್ಟ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

ಜನ ಎಡವುವುದು ಅರ್ಜಿಯ ಒಂದೇ ಸಾಲಿನಲ್ಲಿ: ‘ದಯವಿಟ್ಟು ದುರಸ್ತಿ ಮಾಡಿಸಿಕೊಡಿ.’ ಇಷ್ಟು ಬರೆದಿರೋ, ಅದು ಕಾಮಗಾರಿಯ ಕಡತವಾಯಿತು. ಕಾಮಗಾರಿ ಅಂದರೆ ಎಸ್ಟಿಮೇಟ್, ಕ್ರಿಯಾಯೋಜನೆ, ಅನುದಾನ, ಟೆಂಡರ್. ‘ಅನುದಾನ ಲಭ್ಯವಾದ ಕೂಡಲೇ ಪರಿಶೀಲಿಸಲಾಗುವುದು’ ಅಂತ ಹಿಂಬರಹ ಬರುತ್ತದೆ, ಕಾನೂನಿನ ಮಟ್ಟಿಗೆ ನಿಮ್ಮ ಅರ್ಜಿ ಅಲ್ಲಿಗೆ ವಿಲೇವಾರಿ. ನಾಳೆ ಸೇತುವೆ ಬಿದ್ದರೂ ಅಧಿಕಾರಿಯ ಹತ್ತಿರ ಉತ್ತರ ಸಿದ್ಧ: ಜನ ಕೇಳಿದ್ದು ರಿಪೇರಿ, ದುಡ್ಡಿರಲಿಲ್ಲ. ಅದರ ಬದಲು ‘ಈ ರಚನೆ ಬಿದ್ದು ಜನರಿಗೆ ಅಪಾಯವಾಗುವ ಸ್ಥಿತಿಯಲ್ಲಿದೆ, ಮುಚ್ಚಿಸಿ, ತೆರವುಗೊಳಿಸಲು ಆದೇಶಿಸಿ’ ಎಂದು ಬರೆಯಿರಿ. ಆಗ ಅದು ಕರ್ತವ್ಯದ ವಿಷಯ. ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಚರಂಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ, ದುಡ್ಡಿಲ್ಲ ಅನ್ನುವ ನೆಪ ಇಂಥ ಕಡೆ ನಡೆಯುವುದಿಲ್ಲ.

ಅರ್ಜಿ ಕೊಡಬೇಕಾದ್ದು ತರೀಕೆರೆಯ ಉಪವಿಭಾಗಾಧಿಕಾರಿಗೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸಾರ್ವಜನಿಕ ಉಪದ್ರವ ತೆಗೆಸುವ 152ನೇ ಕಲಮಿನಡಿ (ಹಳೇ ಸಿಆರ್‌ಪಿಸಿಯ 133). ಸೇತುವೆಯ ಒಡೆತನ, ಸ್ವಾಧೀನ, ನಿಯಂತ್ರಣ ಮೂರರಲ್ಲಿ ಯಾವುದಿದ್ದರೂ ಸಾಕು, ಅವರಿಗೆ ಆದೇಶ ಕೊಡಬಹುದು. ತುರ್ತಿದ್ದರೆ ವಿಚಾರಣೆ ಮುಗಿಯುವ ಮೊದಲೇ ಅದೇ ಸಂಹಿತೆಯ 161ರಡಿ ತಡೆಯಾಜ್ಞೆ ಕೇಳಬಹುದು. ಒಂದು ಪ್ರತಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಆದ ಜಿಲ್ಲಾಧಿಕಾರಿಗೆ, ಇನ್ನೊಂದು ಪೊಲೀಸ್ ಠಾಣೆಗೆ. ಸ್ವೀಕೃತಿ ಸೀಲು ಹಾಕಿಸದೆ ಹೊರಡಬೇಡಿ. ಮುಂದೆ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ರಡಿ (ನಿರ್ಲಕ್ಷ್ಯದಿಂದಾದ ಸಾವು) ‘ಗೊತ್ತಿದ್ದೂ ಸುಮ್ಮನಿದ್ದರು’ ಎಂದು ತೋರಿಸಲು ಸಿಗುವುದು ಆ ಸೀಲೇ.

ಜೊತೆಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನ ಅರ್ಜಿ: ಆಸ್ತಿ ವಹಿಯ ನಕಲು, ಕೊನೆಯ ತಪಾಸಣಾ ವರದಿ, ಹಸ್ತಾಂತರ ಪತ್ರ. ಕರ್ನಾಟಕದ ನಿಯಮದಲ್ಲಿ 150 ಪದ, ಒಂದೇ ವಿಷಯ, ಮೀರಬೇಡಿ.

ಫೋಟೋ ತೆಗೆಯುವಾಗ ಎಲ್ಲರೂ ಮುರಿದ ಹಲಗೆ ತೋರಿಸುತ್ತಾರೆ. ಹಲಗೆ ಬದಲಿಸಬಹುದು ಸ್ವಾಮಿ, ನೋಡಬೇಕಾದ್ದು ಉಕ್ಕಿನ ಹಗ್ಗ ದಡದಲ್ಲಿ ಅದನ್ನು ಹಿಡಿದಿಡುವ ಆಂಕರ್ ಕಾಂಕ್ರೀಟಿನೊಳಗೆ ಹೋಗುವ ಜಾಗ. ಅಲ್ಲಿ ನೀರು ನಿಂತು, ಎಲೆ ಕೊಳೆತು, ಹೊರಗಿನ ಎಳೆ ಹೊಳೆಯುತ್ತಿದ್ದರೂ ಒಳಗೆ ತುಕ್ಕು ತಿಂದಿರುತ್ತದೆ. 2022ರ ಅಕ್ಟೋಬರ್ 30ರಂದು 135 ಜನರನ್ನು ಬಲಿ ತೆಗೆದುಕೊಂಡ ಗುಜರಾತಿನ ಮೊರ್ಬಿ ಸೇತುವೆಯ ಒಂದು ಮುಖ್ಯ ಹಗ್ಗದಲ್ಲಿ 49 ತಂತಿಗಳ ಪೈಕಿ 22 ಮೊದಲೇ ಹಾಳಾಗಿದ್ದವು ಎಂದು ತನಿಖಾ ತಂಡ ಹೇಳಿತು. ಮಡಿಸಿದ ಹಗ್ಗದ ತುದಿಯನ್ನು ಬಿಗಿಯುವ ಯು-ಕ್ಲಾಂಪುಗಳ ಫೋಟೋವೂ ಇರಲಿ: ಕ್ಲಾಂಪಿನ ‘ಯು’ ಬೋಲ್ಟು ಹಗ್ಗದ ಗಿಡ್ಡ ತುದಿಯ ಮೇಲೆ ಕೂರಬೇಕು, ಭಾರ ಹೊರುವ ಹಗ್ಗದ ಮೇಲಲ್ಲ. ದಡದಲ್ಲೇ ನಿಂತು ತೆಗೆಯಿರಿ.

‘ಅಪಾಯ’ ಅಂತ ಬೋರ್ಡು ನೆಟ್ಟು ಕೈತೊಳೆದುಕೊಳ್ಳಲು ಬಿಡಬೇಡಿ. ಪುಣೆ ಹತ್ತಿರದ ಕುಂಡಮಳಾದಲ್ಲಿ ಬೋರ್ಡಿತ್ತು; 2025ರ ಜೂನ್ 15ರ ಭಾನುವಾರ ಜನ ತುಂಬಿದ್ದಾಗಲೇ ಸೇತುವೆ ಕುಸಿಯಿತು. ಎರಡೂ ದಡದಲ್ಲಿ ಬೆಸುಗೆ ಹಾಕಿದ ಕಬ್ಬಿಣದ ತಡೆ, ಅದರ ಹಿಂದೆ ಮೊದಲ ಹತ್ತು ಅಡಿ ಹಲಗೆ ಕೀಳಿಸುವುದು, ಇಷ್ಟು ಬೇಕೆಂದು ಅರ್ಜಿಯಲ್ಲೇ ಬರೆಯಿರಿ.

ಊರ ಹುಡುಗರು ಗ್ಯಾಸ್ ಕಟರ್ ತಂದು ತಾವೇ ಕತ್ತರಿಸುವ ಯೋಚನೆಯಲ್ಲಿದ್ದರೆ ತಡೆಯಿರಿ. ಅದು ಸಾರ್ವಜನಿಕ ಸ್ವತ್ತು ನಾಶದ ಕೇಸು, ಅದಕ್ಕಿಂತ ಹೆಚ್ಚಾಗಿ ಬಿಗಿದ ಹಗ್ಗ ಕಡಿದಾಗ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ಕ್ರಮವಾಗಿ ಹಲಗೆ, ಅದನ್ನು ಮುಖ್ಯ ಹಗ್ಗಕ್ಕೆ ತೂಗಿಸಿದ ನೇತುಕಂಬಿ ಇಳಿಸಿ, ಕೊನೆಗೆ ವಿಂಚಿನಲ್ಲಿ ಮುಖ್ಯ ಹಗ್ಗ ಸಡಿಲಿಸಬೇಕು, ಅದೂ ಮೇ ಒಳಗೆ. ಮಳೆ ಹಿಡಿದರೆ ಹೊಳೆಗೆ ಬಿದ್ದ ಕಬ್ಬಿಣ ಕೆಳಗಿನ ಹೊಸ ಸೇತುವೆಯ ಕಂಬಕ್ಕೆ ಸಿಕ್ಕಿ, ತೇಲಿಬಂದ ಮರದಿಮ್ಮಿಗಳನ್ನೆಲ್ಲ ಅಲ್ಲೇ ತಡೆದು ನಿಲ್ಲಿಸುತ್ತದೆ.